ಒಂದ ಮಗ್ಗಲಿಗೆ ಹತ್ತು ಪ್ರತಿ

ನವನಗರದ ಮೂಲ್ಯಾಗ ನಂದೊಂದು ಝೆರಾಕ್ಸ್ ಅಂಗಡಿ.
ಕಾಲೇಜಿಗೆ ಕಂಪನಿ ಬರೂ ಹಿಂದಿನ ರಾತ್ರಿ
ಮಷೀನು ಬಿಸಿ, ನನ್ನ ತಲಿ ಅದಕ್ಕಿಂತ ಬಿಸಿ.
ಹುಡುಗರ ಸಾಲು ಗಟಾರದ ಕಲ್ಲಿನ ತನಕ,
ಎಲ್ಲಾರ ಪೆನ್ ಡ್ರೈವಿನಾಗೂ ಅದ ಹಾಳಿ.
ಹವ್ಯಾಸ: ಓದೂದು, ಹಾಡು ಕೇಳೂದು.
ದೌರ್ಬಲ್ಯ: ಅತೀ ಅಚ್ಚುಕಟ್ಟು.
ಆ ಶಬ್ದದ ಸ್ಪೆಲ್ಲಿಂಗು ಮೂರು ಮಂದೀದು ತಪ್ಪು,
ಮೂರೂ ಒಂದ ನಮೂನಿ ತಪ್ಪು.

ಒಂಬತ್ತೂವರಿಗೆ ಬಂದಾಕಿ ದಾನೇಶ್ವರಿ,
ಗುಳೇದಗುಡ್ಡದಾಕಿ, ಬಿ.ಕಾಂ. ಕಡೀ ವರ್ಷ.
'ಅಕ್ಕಾ, ಒಂದ ಮಗ್ಗಲಿಗೆ ಹತ್ತು ಪ್ರತಿ.'
ಹಾಳಿ ಗಾಜಿನ ಮ್ಯಾಲೆ ಮಗಚಿ ಇಡೂವಾಗ
ಕಣ್ಣಿಗೆ ಬಿತ್ತು:
ಅನುಭವ: ಇಲ್ಲ.

ಮುಚ್ಚಳ ಹಾಕಲಿಲ್ಲ ನಾನು.
'ನಿನ್ನ ಬಗ್ಗೆ ಹೇಳವಾ' ಅಂದೆ.
ಅಕಿ ಎದ್ದು ನಿಂತು ಹನ್ನೆರಡರ ಮಗ್ಗಿ ಒಪ್ಪಿಸಿದಂಗ
ಒಂದ ಉಸರಿಗೆ ಒಪ್ಪಿಸಿದಳು,
ನಡುವ ಎಲ್ಲೋ ಒಂದು ಸಾಲು ಕಳದು
ಮತ್ತ ಮೊದಲಿಂದ ಸುರು ಮಾಡಿದಳು.

ನಗಲಿಲ್ಲ. ನಂದೂ ಒಂದು ದಿನ ಇತ್ತು.
ಬೆಳಗಾವಿಯಾಗ, ಅಣ್ಣನ ಬೂಟು ಹಾಕ್ಕೊಂಡು,
ಬೂಟಿನ ತುದಿಗೆ ಹತ್ತಿ ತುರುಕಿ ಹೋಗಿದ್ದೆ.
'ನಾವು ಏನು ತಯಾರಸ್ತೀವಿ ಗೊತ್ತೈತೇನು?' ಅಂದರು.
ಗೇಟಿನ ಫಲಕದಾಗ ಒಂದು ಹಲ್ಲಿನ ಗಾಲಿ ಕಂಡಿದ್ದೆ,
'ಸೈಕಲ್' ಅಂದೆ.
ಅವರು ನೀರಿನ ಪಂಪು ಮಾಡತಿದ್ದರಂತ.
ನನ್ನ ಮುಂದ ಒಂದು ಗ್ಲಾಸು ನೀರು ಇಟ್ಟರು,
ಮತ್ತೇನೂ ಕೇಳಲಿಲ್ಲ.

ಅದಕ್ಕ ಅಂತೀನಿ ದಾನೇಶ್ವರಿ,
ಮೊದಲು ಅವರ ಫಲಕ ಓದು, ಆಮ್ಯಾಲೆ ನಿನ್ನ ಹಾಳಿ.
ಗೊತ್ತಿಲ್ಲದ್ದಕ್ಕ ಗೊತ್ತಿಲ್ಲ ಅನ್ನು, ಕಣ್ಣು ಕೆಳಗ ಹಾಕಬ್ಯಾಡ.
ಐದು ವರ್ಷಕ್ಕ ಎಲ್ಲಿರ್ತಿ ಅಂತ ಕೇಳತಾರ,
ಹಿನ್ನೀರಿನ ಲೆಕ್ಕದಾಗ ಎದ್ದು ಬಂದ ಊರಾಗ ನಿಂತು
ಅದಕ್ಕ ಏನು ಹೇಳಬೇಕೋ
ನಂಗ ಇನ್ನೂ ತಿಳದಿಲ್ಲ.
ನಮ್ಮವ್ವನ ಮನಿ ಬಾಗಲಕ್ಕ ಒಂದು ನಂಬರು ಬರದಿದ್ದರು ಸಾಹೇಬರು.
ಅಕಿ ದಿನಾ ಅದರ ಸುತ್ತ ಸಾರಿಸತಿದ್ದಳು.

'ನಿಮ್ಮನಿಯಾಗ ಏನು ಮಾಡತಾರ?'
'ಖಣದ ಮಗ್ಗ ರೀ, ನಾಕು ಅದಾವ.'
'ನೇಯೂ ಮಂದಿ?'
'ಆರು.'
'ಅವರ ಬಟವಡೆ ಯಾರು ಬರೀತಾರ?'
ಹಾಳಿ ಜಗ್ಗಿದಳು, ಬಿಟ್ಟಳು.
'ನಾನ ರೀ. ಎಂಟನೇತ್ತೆಯಿಂದ.
ನೂಲು ತೂಗಿ ಕೊಡೂದು, ಸಂಜಿಗೆ ಖಣ ತೂಗಿ ತೊಗೊಳ್ಳೂದು,
ಕಡಿಮಿ ಬಂದರ ಯಾರ ಲಾಳಿಯಾಗ ಹೋತು ಅಂತ ಹುಡುಕೂದು.
ಒಮ್ಮೆ ರುಕ್ಮಣ್ಣ ಕಾಕಾನ ಹದಿಮೂರು ರೂಪಾಯಿ
ನನ್ನ ತಪ್ಪಿಲೆ ಕಡಿಮಿ ಹೋತು,
ನಸಿಕಿನ್ಯಾಗ ಎದ್ದು ಅವರ ಮನೀಗೆ ಹೋಗಿ ಕೊಟ್ಟು ಬಂದೆ.'

'ಇದನ್ನ ಯಾಕ ಬರೀಲಿಲ್ಲ?'
'ಅದು ಮನಿ ಕೆಲಸಲ್ಲರೀ ಅಕ್ಕಾ.'
'ಮನಿ ಕೆಲಸಕ್ಕ ರೊಕ್ಕ ತಪ್ಪಿದರ
ರಾತ್ರಿ ನಿದ್ದಿ ಬರತಿತ್ತೇನು?'
ಸಿಟ್ಟಿಗೆದ್ದಳು. ನಾನೂ ಎದ್ದೆ.
ಸಾಲಿನಾಗಿನ ಹುಡುಗರು ಮೋಬೈಲು ಕಿಸೇಕ ಹಾಕ್ಕೊಂಡು ನೋಡಿದರು.
ಕಡೀಕ ಒಬ್ಬರಿಗೊಬ್ಬರು ಮಾತಾಡದ
ಅಕಿ ಹೇಳಿದಂಗ ನಾ ಟೈಪ್ ಮಾಡಿದೆ,
ನಾ ತಪ್ಪಿದಂಗ ಅಕಿ ತಿದ್ದಿದಳು.
ದೌರ್ಬಲ್ಯದ ಮುಂದ ಭಾಳ ಹೊತ್ತು ಕುಂತು
'ಕೇಳೂಕಿಂತ ಮೊದಲ ಇಲ್ಲ ಅಂದುಬಿಡತೀನಿ' ಅಂದಳು.
ಅದನ್ನ ಬರದಳೋ ಅಳಸಿದಳೋ
ನಾ ನೋಡಲಿಲ್ಲ.

ಹತ್ತು ಪ್ರತಿ. ಬಿಸಿ ಬಿಸಿ.
ಎದಿಗೆ ಒತ್ತಿಕೊಂಡು ಹೋದಳು,
ಇಪ್ಪತ್ತು ರೂಪಾಯಿ ಕೊಡೂದು ಮರತು.

ಮುಂದಿನ ಹುಡುಗ ಗಾಜಿನ ಮ್ಯಾಲೆ ಮೊಣಕೈ ಊರಿದ.
'ಅಕ್ಕಾ, ಅಕಿಗೆ ಕೊಟ್ಟಿದ್ದ ನಂಗೂ ಕೊಡರಿ,
ಹೆಸರೊಂದು ಬದಲಿ ಮಾಡರಿ.'
'ನಿಮ್ಮನಿಯಾಗ ಮಗ್ಗ ಅದಾವೇನು?'
'ಇಲ್ಲರೀ. ಅಪ್ಪಂದು ಪಂಕ್ಚರ್ ಅಂಗಡಿ.'

ಸ್ಟೂಲು ಜಗ್ಗಿದೆ.
'ಕುಂದರು' ಅಂದೆ.